ಮೊದಲ ಪ್ಯಾರಾ, ಕೊನೆಯ ಪ್ಯಾರಾ

ಬೆಳಿಗ್ಗೆ ಆರೂವರೆಗೆ ಐದು ಇಂಗ್ಲಿಷ್ ಪತ್ರಿಕೆಗಳು ನಮ್ಮ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ನಮ್ಮ ಇಲಾಖೆಯ ಮಂತ್ರಿಗಳ ಬಗ್ಗೆ ಅವುಗಳಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಬಿಳಿ ಹಾಳೆಗೆ ಅಂಟಿಸಬೇಕು. ಹಾಳೆಯ ತಲೆಯಲ್ಲಿ ನಮ್ಮ ಭಾಷೆಯಲ್ಲಿ ಎಂಟು ಸಾಲಿನ ಸಾರಾಂಶ ಬರೆಯಬೇಕು. ಪಕ್ಕದ ಮೂರು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು: ಪರ, ವಿರೋಧ, ತಟಸ್ಥ. ಒಂಬತ್ತೂವರೆಗೆ ಫೈಲು ಮೂರನೆಯ ಮಹಡಿಗೆ ಹೋಗುತ್ತದೆ. ಮಂತ್ರಿಗಳು ಅದನ್ನು ಕಾರಿನಲ್ಲಿ ಕೂತು ನೋಡುತ್ತಾರೆ ಎಂದು ಹೇಳುತ್ತಿದ್ದರು. ನೋಡುವುದು ಚೌಕಗಳನ್ನು ಮಾತ್ರ ಎಂದೂ ಹೇಳುತ್ತಿದ್ದರು.

ಆ ಕೋಣೆಯಲ್ಲಿ ನಾವಿಬ್ಬರೇ. ಕಿಟಕಿಯ ಪಕ್ಕ ದೊಡ್ಡಕ್ಕ, ಬಾಗಿಲ ಪಕ್ಕ ನಾನು. ಇಡೀ ಕಚೇರಿ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿತ್ತು, ಅವರಿಗಿಂತ ಹಿರಿಯರೂ ಕೂಡ. ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಂಟಿನಂಥ ದಡ್ಡು. ನಿವೃತ್ತಿಗೆ ಏಳು ತಿಂಗಳಿತ್ತು. ನಾನು ಗುತ್ತಿಗೆಯವಳು. ಆರಾರು ತಿಂಗಳಿಗೊಮ್ಮೆ ಆದೇಶ ಬಂದರೆ ಮುಂದುವರಿಯುವುದು, ಇಲ್ಲವಾದರೆ ಇಲ್ಲ. ಆ ಆದೇಶದ ಪ್ರತಿಯನ್ನು ತೋರಿಸಿದರೆ ಮಾತ್ರ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲಿನಲ್ಲಿ ನನ್ನ ಮಂಚ ನನ್ನದು. ಇಲ್ಲದಿದ್ದರೆ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ, ಎಲ್ಲರ ಊಟ ಮುಗಿದ ಮೇಲೆ ಹಾಸುವ ಚಾಪೆ.

ಕೆಲಸಕ್ಕೆ ಸೇರಿದಾಗ ನನಗೆ ಇಂಗ್ಲಿಷ್ ಬರುತ್ತದೆ ಎಂದು ನಂಬಿದ್ದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಪತ್ರಿಕೆಯ ಅಂಕಣಗಳನ್ನು ಓದತೊಡಗಿದ ಮೇಲೆ ಆ ಭ್ರಮೆ ಹೋಯಿತು. ಪದಗಳೆಲ್ಲ ಗೊತ್ತು. ಒಂದೊಂದಾಗಿ ಸಿಕ್ಕರೆ ಮಾತಾಡಿಸಬಲ್ಲೆ. ಗುಂಪಾಗಿ ಬಂದರೆ ಪರಿಚಯವೇ ಇಲ್ಲದ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವು. ಮಂತ್ರಿ ಡಬ್ಬವನ್ನು ರಸ್ತೆಯುದ್ದಕ್ಕೂ ಒದ್ದುಕೊಂಡು ಹೋದರು. ವಿರೋಧ ಪಕ್ಷ ಬೇಲಿಯ ಮೇಲೆ ಕೂತಿದೆ. ಸಭೆಯ ಕೋಣೆಯಲ್ಲಿ ಆನೆಯಿದೆ, ಯಾರೂ ಅದರ ಮಾತೆತ್ತುತ್ತಿಲ್ಲ. ಕಾರ್ಯದರ್ಶಿಯೊಬ್ಬರು ತಮ್ಮ ಕತ್ತಿಯ ಮೇಲೆ ತಾವೇ ಬಿದ್ದರು. ಮೊದಲ ತಿಂಗಳು ಇದನ್ನೆಲ್ಲ ಓದಿ, ಈ ದೇಶ ನಡೆಯುತ್ತಿರುವುದಾದರೂ ಹೇಗೆ ಎಂದು ಚಿಂತೆಯಾಗಿತ್ತು.

ಹಾಸ್ಟೆಲಿನ ಲೈಬ್ರರಿಯಲ್ಲಿ ನುಡಿಗಟ್ಟುಗಳ ದಪ್ಪ ನಿಘಂಟೊಂದಿತ್ತು. ಹೊರಗೆ ಒಯ್ಯುವಂತಿರಲಿಲ್ಲ. ದಿನಾ ಸಂಜೆ ಅಲ್ಲೇ ಕೂತು ಹತ್ತು ಹತ್ತು ಬರೆದುಕೊಂಡೆ. ಬೇಲಿಯ ಮೇಲೆ ಕೂತವರು ನಮ್ಮಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವವರು. ಅವರ ಕೈಯಲ್ಲಿನ ಬಿಸಿ ಆಲೂಗಡ್ಡೆ ನಮ್ಮ ಬಾಯಲ್ಲಿನ ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಕೆಲವಕ್ಕೆ ಜೋಡಿ ಸಿಗಲಿಲ್ಲ. ತನ್ನ ತಲೆ ಉಳಿಸಿಕೊಳ್ಳಲು ಜೊತೆಯವನನ್ನು ಬಸ್ಸಿನ ಕೆಳಗೆ ತಳ್ಳುವುದು ಎನ್ನುತ್ತಾರೆ. ಹರಕೆಯ ಕುರಿ ಎಂದು ಬರೆದುಕೊಂಡೆ, ಪೂರ್ತಿ ಕೂಡಲಿಲ್ಲ. ಕುರಿಗೆ ಮೊದಲೇ ಹಾರ ಹಾಕಿ ಮೇಯಿಸಿರುತ್ತಾರೆ. ಬಸ್ಸಿನ ಕೆಳಗೆ ಬೀಳುವವನಿಗೆ ಬಸ್ಸು ಬಂದಾಗಲೇ ಗೊತ್ತಾಗುವುದು.

ಒಂದೂವರೆ ವರ್ಷದಲ್ಲಿ ಮೂರು ನೋಟ್‌ಬುಕ್ಕು ತುಂಬಿದವು. ಅಷ್ಟರಲ್ಲಿ ಇನ್ನೊಂದು ಸಂಗತಿಯೂ ತಿಳಿದಿತ್ತು. ಈ ಅಂಕಣಕಾರರು ಬೈಯುವಾಗ ಅಷ್ಟೇನೂ ಹೆದರಬೇಕಾಗಿಲ್ಲ. ಹೊಗಳುವಾಗ ಹುಷಾರಾಗಿರಬೇಕು.

ದೊಡ್ಡಕ್ಕನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರದು ಬೇರೆ ದಾರಿ.

"ಏನಮ್ಮಾ ಡಿಕ್ಷನರಿ, ಇನ್ನೂ ಎರಡನೇ ಪ್ಯಾರಾದಲ್ಲೇ ಇದೀಯಾ?" ಎನ್ನುತ್ತಿದ್ದರು.

"ಇಲ್ಲೊಂದು ಗೊತ್ತಾಗ್ತಿಲ್ಲ ದೊಡ್ಡಕ್ಕ."

"ಗೊತ್ತಾಗ್ಬಾರ್ದು ಅಂತಾನೇ ಮಧ್ಯದಲ್ಲಿ ಇಟ್ಟಿರ್ತಾರೆ. ಮೊದಲ್ನೇ ಪ್ಯಾರಾ ಓದು, ಕೊನೇ ಪ್ಯಾರಾ ಓದು. ಮಧ್ಯ ಇರೋದು ಅವರ ಸಂಬಳಕ್ಕೆ."

ಅವರು ಅಂಕಣಕಾರರ ಹೆಸರನ್ನೂ ಓದುತ್ತಿರಲಿಲ್ಲ. ಲೇಖನದ ಮೂಲೆಯಲ್ಲಿ ಅಂಚೆಚೀಟಿಯಷ್ಟು ಫೋಟೊ ಇರುತ್ತದಲ್ಲ, ಅದನ್ನು ನೋಡುತ್ತಿದ್ದರು. ಗಡ್ಡ ಎಂದರೆ ವಿರೋಧ. ಕೆನ್ನೆಗೆ ಕೈ ಕೊಟ್ಟ ಹೆಂಗಸು ತಟಸ್ಥ. ಟೈ ಕಟ್ಟಿದವನು ಪರ. ಇದರ ಮೇಲೆ ಮೊದಲ ಪ್ಯಾರಾ, ಕೊನೆಯ ಪ್ಯಾರಾ. ಹೀಗೆ ದಿನಕ್ಕೆ ಹದಿನೈದು ಲೇಖನಗಳನ್ನು ಮುಗಿಸುತ್ತಿದ್ದರು. ಅವರಿಂದ ಫೈಲು ಒಂದು ದಿನವೂ ತಡವಾಗಿರಲಿಲ್ಲ. ಅದೇ ಅವರ ಹೆಮ್ಮೆ. ಬಹುಮಟ್ಟಿಗೆ ಅವರ ಲೆಕ್ಕ ಸರಿಯೇ ಇರುತ್ತಿತ್ತು, ಅದನ್ನೂ ಹೇಳಬೇಕು.

ಆ ಸೋಮವಾರ ಟೈ ಬರೆದದ್ದು ನದಿಯ ಸೇತುವೆಯ ಬಗ್ಗೆ. ಉದ್ಘಾಟನೆಯ ದಿನ ಮೂರು ಸಲ ಮುಂದೆ ಹೋಗಿತ್ತು. ಮೊದಲ ಪ್ಯಾರಾದಲ್ಲಿ ಮಂತ್ರಿಗಳ ತಾಳ್ಮೆ ಅಪರೂಪದ್ದು ಎಂದು ಬರೆದಿದ್ದ. ಕೊನೆಯ ಪ್ಯಾರಾದಲ್ಲಿ ಇಂಥವರು ಬಹುಕಾಲ ನಮ್ಮ ನಡುವೆ ಇರಲಿ ಎಂದು ಹಾರೈಸಿದ್ದ. ಮಧ್ಯದಲ್ಲಿ ಒಂಬತ್ತು ನುಡಿಗಟ್ಟುಗಳಿದ್ದವು. ಒಂಬತ್ತೂ ನನಗೆ ಗೊತ್ತಿದ್ದವು. ನಿಘಂಟು ತೆರೆಯದೆ ನಾನು ಓದಿ ಮುಗಿಸಿದ ಮೊದಲ ಅಂಕಣ ಅದು. ಡಬ್ಬ ಒದೆಯುತ್ತ ಹೋಗುವುದು, ಎಂದರೆ ಕೆಲಸವನ್ನು ಮುಂದಕ್ಕೆ ತಳ್ಳುತ್ತ ಹೋಗುವುದು, ಇತ್ತು, ಎಂಜಿನಿಯರುಗಳನ್ನು ಬಸ್ಸಿನ ಕೆಳಗೆ ತಳ್ಳುವುದು ಇತ್ತು. ಆ ಮಧ್ಯವನ್ನು ಓದಿದ ಮೇಲೆ ತಾಳ್ಮೆ ಎಂದರೆ ಏನೂ ಮಾಡದೆಯೂ ಕುರ್ಚಿ ಬಿಡದಿರುವುದು ಎಂದು ತಿಳಿಯುತ್ತಿತ್ತು. ಎಂಟು ಸಾಲು ಬರೆದೆ. ವಿರೋಧ ಎಂದು ಗುರುತು ಹಾಕಿದೆ.

ದೊಡ್ಡಕ್ಕ ಹಾಳೆಯನ್ನು ದೂರ ಹಿಡಿದು ನೋಡಿದರು. "ಟೈ ಯಾವತ್ತು ವಿರೋಧ ಬರ್ದಿದಾನೆ? ಹನ್ನೆರಡು ವರ್ಷದಿಂದ ನೋಡ್ತಿದೀನಿ."

"ಇವತ್ತು ಬರ್ದಿದಾನೆ. ಇದು ಹೊಗಳಿಕೆ ಅಲ್ಲ ದೊಡ್ಡಕ್ಕ. ಎಂಜಿನಿಯರ್‌ಗಳನ್ನ ಬಸ್ ಕೆಳಗೆ ತಳ್ಳಿದ್ರು ಅಂತಿದಾನೆ."

"ಯಾರಿಗಾದ್ರೂ ಪೆಟ್ಟಾಯ್ತಾ?"

"ಹಾಗಲ್ಲ..."

"ಗೊತ್ತಮ್ಮ, ತಮಾಷೆಗಂದೆ." ಅವರು ಗೋಡೆಯ ಗಡಿಯಾರ ನೋಡಿದರು. "ಒಂಬತ್ತು ಇಪ್ಪತ್ತು. ವಿರೋಧ ಅಂತ ಹೋದ್ರೆ ಮೇಲಿಂದ ಫೋನ್ ಬರತ್ತೆ. ನಮ್ಮವನು ಯಾಕೆ ತಿರುಗಿಬಿದ್ದ, ಏನು, ಎತ್ತ ಅಂತ. ಉತ್ತರ ನೀನು ಕೊಡ್ತೀಯಾ? ಪರ ಅಂತ ಹೋದ್ರೆ ಯಾರೂ ಕೇಳಲ್ಲ. ಮೊದಲ್ನೇ ಪ್ಯಾರಾದಲ್ಲಿ ಹೊಗಳಿದಾನೆ, ಕೊನೇಲೂ ಹೊಗಳಿದಾನೆ. ಇನ್ನೇನು ಬೇಕು ನಿನಗೆ?"

ನಾನು ಇನ್ನಷ್ಟು ವಾದಿಸಬಹುದಿತ್ತು. ಐದು ಗಂಟೆಗೆ ಎದ್ದವಳು ಇನ್ನೂ ಏನೂ ತಿಂದಿರಲಿಲ್ಲ. ಇನ್ನೂ ನಾಲ್ಕು ತುಂಡುಗಳು ಅಂಟಿಸದೆ ಬಿದ್ದಿದ್ದವು. ಬೆರಳಿಗೆಲ್ಲ ಗೋಂದು. ಹೊಸ ಹಾಳೆ ತೆಗೆದುಕೊಂಡು ಮೊದಲ ಪ್ಯಾರಾವನ್ನೂ ಕೊನೆಯ ಪ್ಯಾರಾವನ್ನೂ ನಮ್ಮ ಭಾಷೆಗೆ ಇಳಿಸಿದೆ. ಪರ ಎಂದು ಗುರುತು ಹಾಕಿದೆ. ದೊಡ್ಡಕ್ಕ ಕೆಳಗೆ ತಮ್ಮ ಚಿಕ್ಕ ಸಹಿ ಹಾಕಿದರು.

ಬುಧವಾರ ಮಂತ್ರಿಗಳು ಒಂದು ತರಬೇತಿ ಭವನ ಉದ್ಘಾಟಿಸಿದರು. ಭಾಷಣದಲ್ಲಿ ಸೇತುವೆಯ ಮಾತು ಬಂತು. ನನ್ನ ತಾಳ್ಮೆಯನ್ನು ಇಂಗ್ಲಿಷ್ ಪತ್ರಿಕೆಯವರೇ ಮೆಚ್ಚಿ ಬರೆದಿದ್ದಾರೆ, ಓದಿ ನೋಡಿ ಎಂದರು. ಟೈಯ ಹೆಸರು ಹೇಳಿ ಕೃತಜ್ಞತೆಯನ್ನೂ ಸಲ್ಲಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ವರದಿಗಾರರು ಓದಿಯೇ ಬಂದಿದ್ದರು. ಮೊದಲು ಒಬ್ಬ ನಕ್ಕ. ಆಮೇಲೆ ಸಾಲಿಗೆ ಸಾಲು ನಕ್ಕಿತು. ಗುರುವಾರ ನಾಲ್ಕು ಪತ್ರಿಕೆಗಳಲ್ಲಿ ಅದೇ ಸುದ್ದಿ. ನಮ್ಮ ತಪ್ಪಿನ ಸುದ್ದಿಯನ್ನು ನಾವೇ ಕತ್ತರಿಸಿ, ನಾವೇ ಅಂಟಿಸಿ, ನಾಲ್ಕಕ್ಕೂ ವಿರೋಧ ಎಂದು ಗುರುತು ಹಾಕಿ ಮೇಲೆ ಕಳಿಸಿದೆವು. ಆ ದಿನ ದೊಡ್ಡಕ್ಕ ಮಧ್ಯದ ಪ್ಯಾರಾಗಳನ್ನು ಓದಿದರೋ ಇಲ್ಲವೋ ನಾನು ಗಮನಿಸಲಿಲ್ಲ.

ಮಧ್ಯಾಹ್ನ ಮೆಮೊ ಬಂತು. ನಾಳೆ ಹನ್ನೊಂದರೊಳಗೆ ವಿವರಣೆ ಕೊಡಬೇಕು.

ಸೂಪರಿಂಟೆಂಡೆಂಟರು ನನ್ನೊಬ್ಬಳನ್ನೇ ಕರೆಸಿದರು. ಅವರ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಎರಡರ ಮೇಲೂ ಫೈಲುಗಳಿದ್ದವು, ಆದ್ದರಿಂದ ಬಂದವರು ನಿಂತೇ ಮಾತಾಡುವುದು.

"ಬರವಣಿಗೆ ನಿಂದು, ಸಹಿ ಅವರದ್ದು," ಎಂದರು. "ಅವರಿಗೆ ಏಳು ತಿಂಗಳಿದೆ. ಈಗ ಅವರ ಮೇಲೆ ಏನಾದ್ರೂ ಬಂದ್ರೆ ಪೆನ್ಷನ್ ಕಾಗದ ಎಲ್ಲಾ ನಿಂತ್ಹೋಗತ್ತೆ. ನಿಂಗೊತ್ತಲ್ಲ, ಇಲ್ಲಿ ಒಂದು ಕಾಗದ ನಿಂತ್ರೆ ಅದಕ್ಕೆ ಬೇರು ಬರತ್ತೆ."

"ಗೊತ್ತು ಸಾರ್."

"ನೀನು ಹೊಸಬಳು. ಇಂಗ್ಲಿಷ್ ನುಡಿಗಟ್ಟು ಅರ್ಥ ಆಗ್ಲಿಲ್ಲ, ತಪ್ಪಾಯ್ತು, ಕ್ಷಮಿಸಿ ಅಂತ ನಾಲ್ಕು ಸಾಲು ಬರಿ. ಮುಗೀತು."

"ನನ್ನ ಆದೇಶ?"

"ಅದನ್ನೂ ನೋಡಿದೀನಿ. ಕತ್ತರಿ ವಿಭಾಗದಲ್ಲಿ ಇಡೋಕಾಗಲ್ಲ. ರವಾನೆಗೆ ಹಾಕಿಸ್ತೀನಿ. ಲಕೋಟೆ, ವಿಳಾಸ, ಅಷ್ಟೇ. ಅಲ್ಲಿ ಇಂಗ್ಲಿಷೇ ಬೇಡ."

ಎಲ್ಲರ ತಲೆಯೂ ಉಳಿಯುವ ಉಪಾಯ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನನ್ನ ಮಂಚವೂ ಉಳಿಯುತ್ತಿತ್ತು. ಆದರೆ ಆ ನಾಲ್ಕು ಸಾಲು ನನ್ನ ಕಡತದಲ್ಲಿ ಕೂರುತ್ತಿತ್ತು. ಅನುವಾದಕರ ಹುದ್ದೆ ಯಾವತ್ತು ಖಾಲಿಯಾದರೂ ಮೊದಲು ತೆರೆಯುವುದು ಕಡತವನ್ನೇ. ಅಲ್ಲಿ ನನ್ನದೇ ಅಕ್ಷರದಲ್ಲಿ ಇರುತ್ತಿತ್ತು, ಇವಳಿಗೆ ಅರ್ಥವಾಗುವುದಿಲ್ಲ ಎಂದು. ಒಂದೂವರೆ ವರ್ಷದಲ್ಲಿ ನಾನು ಸಂಪಾದಿಸಿದ್ದು ಅದೊಂದೇ, ಅರ್ಥವಾಗುವುದು. ಬೇರೆ ಏನೂ ಇರಲಿಲ್ಲ.

ಆ ಸಂಜೆ ಲೈಬ್ರರಿಗೆ ಹೋಗಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಅವನು ಲಿಫ್ಟ್ ರಿಪೇರಿಯವನು. ಎಲ್ಲೋ ಎರಡು ಮಹಡಿಗಳ ನಡುವೆ ಇದ್ದನೆಂದು ತೋರುತ್ತದೆ, ದನಿ ಡಬ್ಬದೊಳಗಿನಿಂದ ಬಂದಂತೆ ಬರುತ್ತಿತ್ತು.

"ಬರೆದು ಬಿಸಾಕು," ಎಂದ. "ನನಗೆ ಬರಲ್ಲ ಅನ್ನೋಕೆ ಏನು ಕಷ್ಟ? ನಾನು ದಿನಾ ಅಂತೀನಿ. ಮಾಲೀಕರು ಬೈತಾರೆ, ನಾನು ನನಗೆ ಗೊತ್ತಾಗ್ಲಿಲ್ಲ ಸಾರ್ ಅಂತೀನಿ. ಅವರಿಗೂ ಖುಷಿ, ನನಗೂ ಊಟದ ಹೊತ್ತಿಗೆ ಬಿಡುಗಡೆ."

"ನನಗೆ ಬರತ್ತಲ್ಲ ಅಣ್ಣ."

"ಬಂದು ಏನಾಯ್ತು? ಬರದಿದ್ದಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ." ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು. "ಅಡುಗೆಮನೇಲಿ ಹೊಸ ಸ್ಟವ್ ಬಂದಿದೆ. ಜಾಗ ಇನ್ನೂ ಕಮ್ಮಿ ಆಗಿದೆ ಅಂತ ನಿನ್ನತ್ತಿಗೆ ಹೇಳ್ತಿದ್ಲು. ನಿನಗೆ ಅಂತ ಹೇಳಿದ್ದಲ್ಲ, ಸುಮ್ನೆ ಹೇಳ್ತಿದ್ಲು."

ಶುಕ್ರವಾರ ಬೆಳಿಗ್ಗೆ ಫೈಲು ಮೇಲೆ ಹೋದ ನಂತರ ನನ್ನ ವಿವರಣೆ ಬರೆದೆ. ಅಭ್ಯಾಸ ಬಲದಿಂದ ಅದೂ ಮೂರು ಪ್ಯಾರಾ ಆಯಿತು. ಮೊದಲನೆಯದರಲ್ಲಿ ತಮ್ಮ ಮೆಮೊ ತಲುಪಿದೆ, ಆದದ್ದಕ್ಕೆ ವಿಷಾದಿಸುತ್ತೇನೆ ಎಂದು. ಮೂರನೆಯದರಲ್ಲಿ ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು. ಎರಡನೆಯದರಲ್ಲಿ ನಡೆದದ್ದನ್ನು ಬರೆದೆ. ಲೇಖನ ನನಗೆ ಪೂರ್ತಿ ಅರ್ಥವಾಗಿತ್ತು. ಮೊದಲು ವಿರೋಧ ಎಂದೇ ಗುರುತು ಹಾಕಿದ್ದೆ. ಮೇಲಿನವರು ವಿಭಾಗದ ರೂಢಿಯಂತೆ ಪರ ಎಂದು ಬರೆಯಲು ಹೇಳಿದ್ದರಿಂದ ಹಾಗೆ ಬರೆದೆ.

ಆ ಕೋಣೆಯಿಂದ ಯಾವ ಹಾಳೆ ಹೊರಗೆ ಹೋಗಬೇಕಾದರೂ ದೊಡ್ಡಕ್ಕನ ಚಿಕ್ಕ ಸಹಿ ಬೇಕು. ಹಾಳೆಯನ್ನು ಅವರ ಮುಂದಿಟ್ಟೆ. ಅವರು ಮೇಲೆ ಒಮ್ಮೆ ನೋಡಿದರು, ಕೆಳಗೆ ಒಮ್ಮೆ ನೋಡಿದರು, ಸಹಿ ಹಾಕಿ ನನ್ನ ಕಡೆಗೆ ತಳ್ಳಿದರು.

"ಒಳ್ಳೇ ಅಕ್ಷರ," ಎಂದರು.

ಸಹಿ ಬಿದ್ದ ಹಾಳೆ ಕೈಯಲ್ಲಿತ್ತು. ಹಾಗೇ ಹೋಗಿದ್ದರೆ ಆಗುತ್ತಿತ್ತು. ಬಾಗಿಲವರೆಗೂ ಹೋಗಿ ನಿಂತೆ. ಅವರು ನನ್ನನ್ನು ಹಾಗೆ ನಂಬಿ ಓದದೆ ಬಿಟ್ಟರು ಎಂದುಕೊಂಡರೆ ನಾಟಕವಾಗುತ್ತದೆ. ಅವರು ಯಾರನ್ನೂ ಪೂರ್ತಿ ಓದುತ್ತಿರಲಿಲ್ಲ, ಅಷ್ಟೇ. ಆದರೂ ತಿರುಗಿ ಬಂದು ಹಾಳೆಯನ್ನು ಮತ್ತೆ ಅವರ ಮುಂದಿಟ್ಟೆ.

"ದೊಡ್ಡಕ್ಕ, ಮಧ್ಯದ್ದು ಓದಿ."

"ಯಾಕೆ?"

"ಓದಿ."

ಓದಿದರು. ಮೂರು ಸಾಲು ಓದಲು ಬಹಳ ಹೊತ್ತು ತೆಗೆದುಕೊಂಡರು. ಹೊರಗೆ ಯಾರೋ ಕಬ್ಬಿಣದ ಬೀರುವನ್ನು ಎಳೆದುಕೊಂಡು ಹೋಗುತ್ತಿದ್ದರು. ಆ ಕಿರ್ರೆನ್ನುವ ಸದ್ದು ಮೊಗಸಾಲೆಯ ಕೊನೆ ಮುಟ್ಟುವವರೆಗೂ ಅವರು ತಲೆ ಎತ್ತಲಿಲ್ಲ.

"ಮೇಲಿನವರು ಅಂತ ಬರ್ದಿದೀಯ," ಎಂದರು. "ನಾನೆಲ್ಲಿ ಮೇಲಿನವಳು? ಕಿಟಕಿ ಪಕ್ಕ ಕೂತಿದೀನಿ ಅಷ್ಟೆ."

"ಬೇರೆ ಏನು ಬರೀಬೇಕಿತ್ತು?"

"ಸರಿಯಾಗೇ ಬರ್ದಿದೀಯ. ಸುಳ್ಳಿಲ್ಲ." ಹಾಳೆಯನ್ನು ವಾಪಸು ಕೊಟ್ಟರು.

"ಸಹಿ ಹೊಡೆದು ಹಾಕಲ್ವಾ?"

"ಹೊಡೆದು ಹಾಕಿದ್ರೆ ಓದದೇ ಸಹಿ ಹಾಕಿದ್ಲು ಅಂತ ಗೊತ್ತಾಗತ್ತೆ. ಒಂದೇ ವಾರದಲ್ಲಿ ಎರಡನೇ ಸಲ." ಅವರು ಕತ್ತರಿಯ ಅಲಗನ್ನು ಹಳೆಯ ಬಟ್ಟೆಯಿಂದ ಒರೆಸತೊಡಗಿದರು. "ಹೋಗು. ಹನ್ನೊಂದರೊಳಗೆ ಅಂದಿದಾರೆ. ತಡ ಮಾಡ್ಬೇಡ."

ಸೂಪರಿಂಟೆಂಡೆಂಟರು ಪೂರ್ತಿ ಓದಿದರು. ಎರಡು ಸಲ ಓದಿದರು. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು.

"ನಿನಗೆ ಅರ್ಥ ಆಗಿತ್ತು."

"ಹೌದು ಸಾರ್."

"ಪೂರ್ತಿ."

"ಪೂರ್ತಿ."

"ಹಾಗಾದ್ರೆ ಅವರಿಗಿಂತ ನಿಂದೇ ದೊಡ್ಡ ತಪ್ಪಾಯ್ತಲ್ಲಮ್ಮ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವರ ದನಿ ಅದು. "ಅವರಿಗೆ ಗೊತ್ತಾಗ್ಲಿಲ್ಲ, ರೂಢಿ ಪ್ರಕಾರ ಹಾಕಿಸಿದ್ರು. ಒಂದು ಎಚ್ಚರಿಕೆ ಪತ್ರ ಕೊಟ್ಟು ಮುಗಿಸ್ಬಹುದು. ಗೊತ್ತಿಲ್ಲದೋರಿಗೆ ಎಲ್ಲಾ ಕಡೆ ಜಾಗ ಇದೆ. ಗೊತ್ತಿದ್ದೂ ಸುಳ್ಳು ಗುರುತು ಹಾಕ್ದೋಳನ್ನ ನಾನು ಎಲ್ಲಿ ಕೂರಿಸ್ಲಿ? ರವಾನೇಲೂ ತಗೊಳ್ಳಲ್ಲ."

ಇದು ನನಗೆ ಹೊಳೆದಿರಲಿಲ್ಲ. ರಾತ್ರಿಯಿಡೀ ಯೋಚಿಸಿದ್ದೆ, ಆದರೆ ನಿಜ ಹೇಳಿದರೆ ದೊಡ್ಡಕ್ಕನಿಗೆ ಏನಾಗುತ್ತದೆ ಎಂದಷ್ಟೇ ಯೋಚಿಸಿದ್ದೆ.

ಅವರು ಹಾಳೆಯನ್ನು ಮೇಜಿನ ಅಂಚಿಗೆ, ನನ್ನ ಕೈಗೆ ಸಿಗುವಷ್ಟು ಹತ್ತಿರಕ್ಕೆ ಸರಿಸಿದರು. "ಇನ್ನೂ ಹತ್ತೂ ಐವತ್ತು. ಬೇರೆ ಬರೆದು ತಂದ್ರೆ ಇದನ್ನ ನಾನು ನೋಡೇ ಇಲ್ಲ."

ಮಂಚ ನೆನಪಾಯಿತು. ಅದರ ಕಬ್ಬಿಣದ ಕಾಲಿಗೆ ನಾನೇ ಕಟ್ಟಿದ್ದ ಬಟ್ಟೆ ನೆನಪಾಯಿತು, ಅಲುಗಾಡಿದರೆ ಸದ್ದಾಗದಿರಲಿ ಎಂದು ಕಟ್ಟಿದ್ದು. ಅರ್ಥವಾಗಲಿಲ್ಲ ಎಂಬುದು ಒಂದೇ ಪದ. ಬರೆಯಲು ಒಂದು ಕ್ಷಣ ಸಾಕು. ಸೋಮವಾರ ಪರ ಎಂದು ಗುರುತು ಹಾಕಲೂ ಅಷ್ಟೇ ಹೊತ್ತು ಹಿಡಿದಿತ್ತು.

"ಇದೇ ಇರ್ಲಿ ಸಾರ್," ಎಂದೆ.

"ಹಟ."

"ಹಟ ಅಲ್ಲ. ಇನ್ನೊಂದು ಸಲ ಬರೆಯೋಕೆ ಆಗಲ್ಲ. ಸಾಕಾಗಿದೆ."

ಅವರು ಹಾಳೆಗೆ ರಂಧ್ರ ಹೊಡೆದು ದಾರ ಪೋಣಿಸಿ ಕಡತಕ್ಕೆ ಕಟ್ಟಿದರು.

ನನ್ನ ಆದೇಶ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವುದಿಲ್ಲ ಎಂಬ ಒಂದು ಸಾಲಿನ ಕಾಗದ ಶನಿವಾರವೇ ಬಂತು, ಅಷ್ಟು ಬೇಗ ಆ ಕಚೇರಿಯಿಂದ ಬೇರೆ ಯಾವ ಕಾಗದವೂ ಹೊರಟದ್ದನ್ನು ನಾನು ಕಂಡಿಲ್ಲ. ದೊಡ್ಡಕ್ಕನಿಗೆ ಎಚ್ಚರಿಕೆ ಪತ್ರ ಬಂತು. ಅವರು ಅದನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಹಾಸ್ಟೆಲಿನ ವಾರ್ಡನ್‌ಗೆ ನಾನಿನ್ನೂ ಹೇಳಿರಲಿಲ್ಲ. ಅಣ್ಣನಿಗೆ ಹೇಳಿದೆ. ಸ್ಟವ್ವನ್ನು ಸ್ವಲ್ಪ ಸರಿಸಬಹುದು ಎಂದ.

ಇನ್ನೂ ಹತ್ತು ದಿನ ಕೆಲಸವಿತ್ತು. ಸೋಮವಾರ ಎಂದಿನಂತೆ ಆರೂವರೆಗೆ ಹೋದೆ. ಐದು ಪತ್ರಿಕೆ, ಹನ್ನೊಂದು ಲೇಖನ. ದೊಡ್ಡಕ್ಕ ತಮ್ಮ ಪಾಲಿನ ಮೊದಲ ಲೇಖನವನ್ನು ತೆಗೆದುಕೊಂಡು ಕನ್ನಡಕ ಏರಿಸಿದರು. ಗಡ್ಡದವನದು. ನಾನು ಎರಡು ಮುಗಿಸಿದರೂ ಅವರ ಮುಂದೆ ಅದೇ ಇತ್ತು.

"ಇಲ್ಲಿ ಬಾ," ಎಂದರು. ಮಧ್ಯದ ಪ್ಯಾರಾದ ಮೇಲೆ ಬೆರಳಿಟ್ಟಿದ್ದರು. "ಇವನ್ಯಾಕೆ ಮೊಟ್ಟೆಗಳನ್ನೆಲ್ಲ ಒಂದೇ ಬುಟ್ಟೀಲಿ ಇಡ್ತಿದಾನೆ?"

ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಅಲ್ಲಿ ಇನ್ನೊಂದಿತ್ತು. ಅದನ್ನೂ ಹೇಳಿದೆ. ಆಮೇಲೆ ಗಡ್ಡದವನು ನಿಜವಾಗಿ ವಿರೋಧವೋ ತಟಸ್ಥವೋ ಎಂದು ಇಬ್ಬರೂ ಜಗಳವಾಡಿದೆವು. ನಾನು ತಟಸ್ಥ ಎಂದೆ. ಇಷ್ಟು ವರ್ಷ ಇವನನ್ನ ಸುಮ್ನೆ ಬೈಕೊಂಡೆನಲ್ಲ ಎಂದು ಅವರು ಗೊಣಗಿದರು. ಒಂಬತ್ತೂವರೆಗೆ ಇನ್ನೂ ನಾಲ್ಕು ಲೇಖನಗಳಿದ್ದವು. ಇಬ್ಬರೂ ಗಡಿಯಾರ ನೋಡಿದೆವು, ಮತ್ತೆ ಓದಲು ಕೂತೆವು. ಫೈಲು ಮೂರನೆಯ ಮಹಡಿಗೆ ಹೋದದ್ದು ಹತ್ತೂ ಕಾಲಿಗೆ. ತಡವೇಕೆಂದು ಮೇಲಿಂದ ಕೇಳುತ್ತಾರೆಂದು, ಕೈ ತೊಳೆದುಕೊಂಡು ಬಂದು ಫೋನಿನ ಪಕ್ಕ ಕೂತೆವು. ಹನ್ನೆರಡರವರೆಗೂ ಅದು ಹೊಡೆದುಕೊಳ್ಳಲಿಲ್ಲ. ಆಮೇಲೆ ದೊಡ್ಡಕ್ಕ ಊಟದ ಡಬ್ಬಿ ತೆಗೆದರು.